ಅಮ್ಮನ ಅಳತೆ ಬುಕ್ಕು, ನಿನ್ನ ಆಪು, ನನ್ನ ವೇಬಿಲ್ಲು

ಪುಟ್ಟಿ,

ಮೆಜೆಸ್ಟಿಕ್ಕಲ್ಲಿ ಕೂತು ಟೈಪ್ ಮಾಡ್ತಿದೀನಿ, ಕಾಡುಗೋಡಿ ಟ್ರಿಪ್ಪಿಗೆ ಇನ್ನೂ ಇಪ್ಪತ್ತು ನಿಮಿಷ ಇದೆ, ಡ್ರೈವರ್ ಟೀ ಕುಡಿಯಕ್ಕೆ ಹೋಗಿದಾನೆ. ಬೆಳಗ್ಗೆ ನಾಕು ಗಂಟೆಗೆ ನಾನು ಡಿಪೋಗೆ ಹೊರಟಾಗ ನಿನ್ ರೂಮಲ್ಲಿ ಇನ್ನೂ ಲೈಟ್ ಉರೀತಿತ್ತು, ಬಾಗಿಲು ತಟ್ಟೋಣ ಅನ್ಕೊಂಡೆ, ತಟ್ಲಿಲ್ಲ. ಒಂದೇ ಮನೇಲಿದ್ಕೊಂಡು ಮಗಳಿಗೆ ಪತ್ರ ಬೇರೆ ಅಂತ ನಗ್ಬೇಡ, ನಾವಿಬ್ರೂ ಒಟ್ಟಿಗೆ ಕೂರೋದೇ ಭಾನುವಾರ.

ಆ ಭಾನುವಾರನೇ ಹಿಂಗಾಯ್ತಲ್ಲ. ನಿಮ್ಮಮ್ಮ ಪಕ್ಕದ ಮನೆಯವ್ರ ಬ್ಲೌಸ್ ಅಳತೆನ ನೀನು ಮಾಡ್ತಿರೋ ಅಳತೆ ಆಪಲ್ಲಿ ಹಾಕ್ತಾ ಇದ್ಲು, ಎದೆ, ಸೊಂಟ, ಭುಜ, ತೋಳಿನುದ್ದ, ಕುತ್ತಿಗೆ ಆಳ ಮುಂದೊಂದು ಹಿಂದೊಂದು, ಒಂದೊಂದೇ ನಂಬರ್ ಹುಡುಕಿ ಹುಡುಕಿ ಒತ್ತಿ, ಟೇಪು ಕುತ್ತಿಗೇಲೇ ನೇತಾಡ್ತಿತ್ತು. ಇನ್ನೇನು ಮುಗೀತು ಅನ್ನೋಷ್ಟ್ರಲ್ಲಿ ಫೋನ್ನ ಹೊಲಿಗೆ ಮಿಷನ್ನಿಗೆ ಒರಗಿಸಿ ಅಡ್ಡ ನಿಲ್ಸಿದ್ಲು, ಸ್ಕ್ರೀನ್ ತಿರುಗ್ತು, ಅಳತೆ ಎಲ್ಲಾ ಮಾಯ. "ನನ್ ಬುಕ್ಕೇ ಸಾಕು ಬಿಡು, ಅದನ್ನ ಹೆಂಗ್ ತಿರುಗ್ಸಿದ್ರೂ ಅಕ್ಷರ ಉದುರಲ್ಲ" ಅಂದ್ಲು. ತಮಾಷೆಗೆ ಅಂದಿದ್ದು ಕಣಮ್ಮ. ನೀನು ತಟ್ಟೆ ಬಿಟ್ಟೆದ್ದು ರೂಮ್ ಸೇರ್ಕೊಂಡೆ.

ರಾತ್ರಿ ಮಜ್ಜಿಗೆ ಕೊಡೋ ನೆಪದಲ್ಲಿ ಬಂದು ಕೇಳಿದ್ದಕ್ಕೆ ನೀನು ಹೇಳ್ದೆ, ಫೋನ್ ತಿರುಗಿಸಿದ್ರೆ ಆಂಡ್ರಾಯ್ಡು ಆ ಆಕ್ಟಿವಿಟಿ ಅನ್ನೋದನ್ನೇ, ಅಂದ್ರೆ ಕಣ್ಮುಂದಿರೋ ಆ ಸ್ಕ್ರೀನನ್ನೇ, ಕೆಡವಿ ಮತ್ತೆ ಹೊಸದಾಗಿ ಕಟ್ಟುತ್ತೆ, ನಾನು 'ರಿಮೆಂಬರ್' ಅಂತ ಬರ್ದಿದ್ದೆ, 'ರಿಮೆಂಬರ್ ಸೇವಬಲ್' ಅಂತ ಬರೀಬೇಕಿತ್ತು ಅಂತ. ಒಂದು ಪದಕ್ಕೆ ಊಟ ಬಿಟ್ಟಿದೀಯ.

ನಂಗೆ ಕೋಡು ಗೊತ್ತಿಲ್ಲ, ಆದ್ರೆ ಈ ತಪ್ಪು ಚೆನ್ನಾಗ್ ಗೊತ್ತು. ಟಿಕೆಟ್ ಮಿಷನ್ ಬರೋಕ್ ಮುಂಚೆ ನಾವು ಕಾಗದದ ಟಿಕೆಟ್ ಹರಿದು ಕೊಡ್ತಿದ್ವಲ್ಲ, ಪ್ರತಿ ಸ್ಟೇಜಿಗೂ ಯಾವ ರೇಟಿನ ಟಿಕೆಟ್ ಯಾವ ನಂಬರಿಗೆ ನಿಂತಿದೆ ಅಂತ ವೇಬಿಲ್ಲಲ್ಲಿ, ಅಂದ್ರೆ ಕಂಡಕ್ಟರ್ ಲೆಕ್ಕದ ಹಾಳೇಲಿ, ಬರೀಬೇಕು. ನಾನು ಹೊಸಬ, ಬಸ್ಸು ತುಂಬಿ ಬಾಗಿಲಲ್ಲಿ ಜನ ಜೋತಾಡ್ತಿದ್ರು, ಎರಡು ಸ್ಟೇಜಿನ ನಂಬರ್ ತಲೇಲೇ ಇಟ್ಕೊಂಡೆ, ಆಮೇಲೆ ಬರ್ಕೊಂಡ್ರಾಯ್ತು ಅಂತ. ಅಷ್ಟ್ರಲ್ಲಿ ಒಬ್ರು ಚಿಲ್ಲರೆಗೆ ಜಗಳ ತೆಗೆದ್ರು, ಜಗಳ ಮುಗಿಯೋದ್ರೊಳಗೆ ಚೆಕಿಂಗ್ ನವ್ರು ಹತ್ತಿದ್ರು, ನೋಡ್ತೀನಿ, ತಲೇಲಿ ಒಂದು ನಂಬರೂ ಇಲ್ಲ. ಮೆಮೊ ಬಂತು. ತಪ್ಪು ನಂದೇ. ಅವತ್ತಿಂದ ಬಸ್ಸಲ್ಲಿ ಕಾಲಿಡಕ್ಕೆ ಜಾಗ ಇಲ್ದಿದ್ರೂ ಸ್ಟೇಜ್ ಬಂತಾ, ಪೆನ್ ಈಚೆ ಬಂತು.

ಹಂಗಾಗಿ ನಾನು ಅರ್ಥ ಮಾಡ್ಕೊಂಡಿರೋದು ಇಷ್ಟು, ರಿಮೆಂಬರ್ ಅಂದ್ರೆ ತಲೆ, ಸೇವಬಲ್ ಅಂದ್ರೆ ವೇಬಿಲ್ಲು, ಆಪ್ ಮುಚ್ಚಿದ್ರೂ ಫೋನಲ್ಲಿ ಉಳಿಯೋದಕ್ಕೆ ನೀನು 'ರೂಮ್' ಡೇಟಾಬೇಸ್ ಅಂತೀಯಲ್ಲ ಅದು ಡಿಪೋದಲ್ಲಿ ಕ್ಯಾಶ್ ಕಟ್ಟಿ ಲೆಡ್ಜರಿಗೆ ಹತ್ತಿಸೋದು. ಸರೀನಾ? ಸರಿ ಇದ್ರೆ ಒಂದ್ ಮಾತು, ನಿಮ್ಮಮ್ಮ 'ಸೇವ್' ಬಟನ್ ಒತ್ತೋವರೆಗೂ ಕಾಯ್ಬೇಡ, ಒಂದೊಂದು ಅಳತೆ ಹಾಕಿದ ಹಾಗೇ ಲೆಡ್ಜರಿಗೆ ಹತ್ತಿಸ್ಬಿಡು. ಅವ್ಳಿಗೆ ಮಧ್ಯ ನಿಮ್ಮ ಚಿಕ್ಕಮ್ಮನ ಫೋನ್ ಬಂದ್ರೆ ಮುಕ್ಕಾಲು ಗಂಟೆ ಆಗುತ್ತೆ, ಮಾತು ಮುಗಿದ್ಮೇಲೆ ಎಲ್ಲಾ ಆಪನ್ನೂ ಬೆರಳಲ್ಲಿ ತಳ್ಳಿ ಕ್ಲೋಸ್ ಮಾಡೋ ಚಾಳಿ ಬೇರೆ, ಹಂಗೆ ತಳ್ಳಿದ್ರೆ ವೇಬಿಲ್ಲೂ ಹೋಯ್ತು ಅಂತ ನೀನೇ ಹೇಳಿದ್ದೆ.

ಇನ್ನೊಂದು. ಅವ್ಳು ಹದಿನಾಲ್ಕು ಮುಕ್ಕಾಲು ಅಂತಾಳೆ, ನಿನ್ನ ಆಪು 14.75 ಕೇಳುತ್ತೆ. ಮೂವತ್ತು ವರ್ಷದಿಂದ ಹೊಲೀತಿರೋಳು ಪಾಯಿಂಟ್ ಏಳು ಐದು ಅಂತ ಯಾಕ್ ಲೆಕ್ಕ ಹಾಕ್ಬೇಕು? ಕಾಲು, ಅರ್ಧ, ಮುಕ್ಕಾಲು ಅಂತ ಮೂರು ಬಟನ್ ಇಡು. ಇದು ನಿನ್ ಲ್ಯಾಪ್‌ಟಾಪಿನ ಎಮ್ಯುಲೇಟರಲ್ಲಿ, ಆ ಸ್ಕ್ರೀನ್ ಮೇಲಿನ ನಕಲಿ ಫೋನಲ್ಲಿ, ಯಾವತ್ತೂ ಗೊತ್ತಾಗ್ತಿರ್ಲಿಲ್ಲ, ಅವ್ಳ ಹಳೇ ಫೋನಲ್ಲಿ ಡೆವಲಪರ್ ಸೆಟ್ಟಿಂಗ್ ತೆರೆಯಕ್ಕೆ ಆ ಬಿಲ್ಡ್ ನಂಬರ್ ಮೇಲೆ ಏಳು ಸಲ ಕುಟ್ಟಿ ವೈರ್ ಚುಚ್ಚಿದ್ಯಲ್ಲ, ಅದ್ರಿಂದ ಗೊತ್ತಾಗಿದ್ದು.

ಕಾಲೇಜಲ್ಲಿ ಆಪ್ ಮಾಡಕ್ಕೆ ಇನ್ನೂ ಹಳೇ ಜಾವಾ, ಎಕ್ಸ್‌ಎಮ್‌ಎಲ್ಲೇ ಹೇಳ್ತಾರೆ, ಗೂಗಲ್ಲು 2019ರಲ್ಲೇ ಕೋಟ್ಲಿನ್ ಭಾಷೆ ಮೊದಲು ಅಂತ ಹೇಳಿ ಆಯ್ತು, ಸ್ಕ್ರೀನ್ ಕಟ್ಟೋ ಕಂಪೋಸ್ 2021ರಲ್ಲೇ ಬಂದಾಯ್ತು ಅಂತ ಗೊಣಗ್ತೀಯ. ಪರೀಕ್ಷೆಗೆ ಅವ್ರು ಕೇಳಿದ್ದು ಬರಿ, ಮನೇಲಿ ನಿಂದು ನೀನು ಮಾಡು. ಕಾಗದದ ಟಿಕೆಟ್ ಕಲ್ತಿದ್ದಕ್ಕೆ ನಂಗೇನೂ ನಷ್ಟ ಆಗ್ಲಿಲ್ಲ.

ಪ್ಲೇ ಸ್ಟೋರ್ ಅಕೌಂಟಿಗೆ 25 ಡಾಲರ್ ಅಲ್ವಾ, ಒಂದೇ ಸಲ ಕಟ್ಟೋದು, ಅದು ನಂದು. ಹೊಸಬರು 12 ಜನರ ಕೈಲಿ 14 ದಿನ ಬಿಡದೆ ಟೆಸ್ಟ್ ಮಾಡಿಸ್ಬೇಕು ಅಂತ ತಲೆ ಮೇಲೆ ಕೈ ಹೊತ್ಕೊಂಡಿದ್ಯಲ್ಲ, ಡಿಪೋದಲ್ಲಿ ಒಂಬತ್ತು ಜನನ ಒಪ್ಸಿದೀನಿ. ಒಬ್ಬ ಐಫೋನ್ ಇಟ್ಕೊಂಡು ಮೆರೀತಿದ್ದ, ಅದ್ರಲ್ಲಿ ಆಗಲ್ಲಪ್ಪ ಅಂತ ಬಿಟ್ಟೆ. ಇಬ್ರಿಗೆ ಅವ್ರ ಜೀಮೇಲ್ ಐಡಿ ಏನು ಅಂತಾನೇ ಗೊತ್ತಿಲ್ಲ, ಸಾಯಂಕಾಲ ಮನೇಲಿ ಮಕ್ಕಳನ್ನ ಕೇಳ್ಕೊಂಡು ಹೇಳ್ತಾರಂತೆ. ಬ್ಲೌಸ್ ಅಳತೆ ನಾವೇನ್ ಹಾಕೋದು ಅಂತ ಎಲ್ರೂ ನಕ್ರು, ನಿಮ್ ಯೂನಿಫಾರಂ ಅಳತೆ ಹಾಕ್ರಯ್ಯ ಅಂದೆ.

ಡ್ರೈವರ್ ಬಂದ, ಹಾರ್ನ್ ಹೊಡೀತಿದಾನೆ. ನಿನ್ನೆ ಸಾಯಂಕಾಲ ನಿಮ್ಮಮ್ಮ ಬುಕ್ಕಲ್ಲಿ ಅಳತೆ ಬರ್ಕೊಂಡು ಆಮೇಲೆ ಅದನ್ನೇ ಆಪಲ್ಲೂ ಹಾಕ್ತಿದ್ಲು, ಫೋನ್ ಎಲ್ಲಿ ವಾಲುತ್ತೋ ಅಂತ ಎರಡೂ ಕೈಲಿ ನೆಟ್ಟಗೆ ಹಿಡ್ಕೊಂಡು. ನಾನ್ ಹೇಳ್ದೆ ಅಂತ ಹೇಳ್ಬೇಡ.

ಅಪ್ಪ