ಬಸ್ಯಾ, ಒಂದು ಪಿನ್ನಿನ ಕತೆ

ಲೇ ಬಸ್ಯಾ,

ಫೋನ್ ಮಾಡಿದ್ರೆ ನಗಿಸಿ ಬಾಯಿ ಮುಚ್ಚಿಸ್ತೀಯ, ಅದಕ್ಕೇ ಬರೀತಿದೀನಿ. ಎಲ್ರೂ ಓದ್ಲಿ ಅಂತ ಇಲ್ಲೇ ಹಾಕ್ತಿದೀನಿ. ಹಿತ್ತಾಳೆ ಗಂಟೆ ವಿಷ್ಯ ಎತ್ತಲ್ಲ, ಹೆದರ್ಬೇಡ.

ತಂಗಿ ಮಗಳು ಪಿನ್ನು ನುಂಗಿದ್ಲು. ನಮ್ಮ ಮನೆ ಹೆಂಗಸ್ರು ಬಳೆಗೆ, ತಾಳಿ ಸರಕ್ಕೆ ಪಿನ್ನು ಸಿಗಿಸ್ಕೊಂಡೇ ಓಡಾಡ್ತಾರಲ್ಲ, ಅಜ್ಜಿ ತೊಡೆ ಮೇಲೆ ಕೂತ ಕೂಸಿಗೆ ಅದೇ ಆಟದ ಸಾಮಾನು. ಅಳಲಿಲ್ಲ, ಕೆಮ್ಮಲಿಲ್ಲ. ಬರೀ ಜೊಲ್ಲು. ಅನ್ನ ತಂದ್ರೆ ಮುಖ ತಿರುಗಿಸ್ತಿತ್ತು. ಪಕ್ಕದ ಮನೆಯೋರು "ಬಾಳೆಹಣ್ಣು ತಿನ್ಸ್ರಿ, ಜಾರಿ ಹೋಗುತ್ತೆ" ಅಂತ ಚಿಪ್ಪೇ ತಂದ್ರು. ತಂಗಿ ಏನೂ ಕೊಡ್ಲಿಲ್ಲ, ಪುಣ್ಯ. ಅರಿವಳಿಕೆಗೆ ಹೊಟ್ಟೆ ಖಾಲಿ ಇರ್ಬೇಕು. ತುತ್ತು ತಳ್ಳಿದ್ರೂ, ವಾಂತಿ ಮಾಡ್ಸಿದ್ರೂ ಮೊನೆ ಇನ್ನಷ್ಟು ನಾಟ್ಕೊಳ್ಳುತ್ತೆ.

ಆಸ್ಪತ್ರೆಗೆ ಹೊರಟ್ರೆ ಅಶೋಕ ಟಾಕೀಸ್ ಹತ್ರದ ರೈಲ್ವೆ ಗೇಟು ಬಿದ್ದಿತ್ತು. ಬೀಳದೇ ಇರುತ್ತಾ?

ಎಕ್ಸ್‌ರೇ ನೋಡ್ದೆ ಕಣೋ. ಎಳೇ ಪಕ್ಕೆಲುಬಿನ ನಡುವೆ ಬೆಳ್ಳಗೆ, ಬಾಯಿ ಬಿಚ್ಚಿದ ಪಿನ್ನು, ಮೊನೆ ಮೇಲಕ್ಕೆ. ಹೊಟ್ಟೆಗಿಳಿದದ್ದು ಎಷ್ಟೋ ಸಲ ತಾನೇ ಆಚೆ ಬರುತ್ತೆ, ಆದ್ರೂ ಚೂಪಾದದ್ದು ಕರುಳು ತೂತು ಮಾಡೋ ಭಯ ಇದ್ದೇ ಇದೆ. ಅನ್ನನಾಳದಲ್ಲಿ ಸಿಕ್ಕಿದ್ರಂತೂ ಕಾಯೋ ಹಾಗೇ ಇಲ್ಲ. ತೂತಾದ್ರೆ ಎದೆಯೊಳಗೆ ಕೀವು, ಪಕ್ಕದಲ್ಲೇ ಮಹಾಧಮನಿ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ. ಹಾಗೇ ಎಳೆದ್ರೆ ದಾರಿಯುದ್ದಕ್ಕೂ ಸೀಳುತ್ತೆ ಅಂತ ಡಾಕ್ಟ್ರು ಎಂಡೋಸ್ಕೋಪಲ್ಲಿ (ಬಾಯಿಂದ ಇಳಿಸೋ ಕ್ಯಾಮರಾ ಕೊಳವೆ) ಪಿನ್ನನ್ನ ಮೆಲ್ಲಗೆ ಹೊಟ್ಟೆಗೆ ತಳ್ಳಿ, ಅಲ್ಲಿ ತಿರುಗಿಸಿ, ಮೊನೆ ಹಿಂದೆ ಬರೋ ಹಾಗೆ ಎಳ್ಕೊಂಡ್ರು. ಮೊನೆ ಮುಂದಿದ್ರೆ ಚುಚ್ಚುತ್ತೆ, ಹಿಂದಿದ್ರೆ ಚುಚ್ಚಲ್ಲ. ಅಮೆರಿಕದ ಷೆವಲಿಯರ್ ಜಾಕ್ಸನ್ ಅನ್ನೋ ಡಾಕ್ಟರ ಸೂತ್ರ ಇದು. ಅವರು ಕೂಡಿಟ್ಟ, ಜನ ನುಂಗಿದ, ಉಸಿರಲ್ಲಿ ಎಳ್ಕೊಂಡ 2,374 ಸಾಮಾನು ಫಿಲಡೆಲ್ಫಿಯಾದ ಮ್ಯೂಸಿಯಮ್ಮಲ್ಲಿವೆಯಂತೆ. ಆಪರೇಷನ್ ಥಿಯೇಟರ್ ಹೊರಗೆ ಕೂತು ಇದನ್ನೇ ಓದ್ತಿದ್ದೆ, ಏನ್ ಮಾಡ್ಲಿ ಹೇಳು.

ಕೂಸು ಈಗ ಆರಾಮು, ಮಂಡಕ್ಕಿ ಚೆಲ್ತಾ ಕೂತಿದೆ. ಆರಾಮಿಲ್ಲದೋನು ನಾನು. ಒಳಗೆ ಕಳಿಸೋವಾಗ ಕೂಸನ್ನ ನರ್ಸ್ ಕೈಗೆ ಕೊಟ್ಟೋನು ನಾನೇ. ನನ್ನ ಹೆಬ್ಬೆರಳು ಹಿಡ್ಕೊಂಡಿತ್ತು, ಒಂದೊಂದೇ ಬೆರಳು ಬಿಡಿಸ್ಬೇಕಾಯ್ತು. ಆಗ ಅನ್ನಿಸಿದ್ದೇನು ಗೊತ್ತಾ? ಸದ್ಯ, ಇದು ನನ್ನ ಮಗು ಅಲ್ಲ. "ಮನೆ ಸಾಲ ತೀರ್ಲಿ, ಆಮೇಲೆ ಮಕ್ಕಳು" ಅಂತ ನಿನಗೂ ಹೇಳಿದ್ನಲ್ಲ, ಸಾಲದ ಮಾತೇ ಅಲ್ಲ ಅದು. ಹೆದರಿಕೆ. ಹೆಂಡತಿಗೂ ಹೇಳಿಲ್ಲ.

ಈಗ ಹೇಳ್ದಂಗಾಯ್ತು, ಅವಳೂ ಇಲ್ಲಿದ್ದಾಳೆ. ನಮ್ಮತ್ತೆಯೂ ಇದ್ದಾರೆ. ಅತ್ತೆ, ಇದು ಬಸ್ಯನಿಗೆ ಬರೆದದ್ದು, ನೀವು ಲೈಕ್ ಒತ್ತಿ ಮುಂದೆ ಹೋಗ್ರಿ.

ನೀನು ಈ ಭಾನುವಾರ ಬಾ. ಬೆಣ್ಣೆದೋಸೆ ನಿನ್ನ ದುಡ್ಡಲ್ಲಿ. ಬರೋ ಮುಂಚೆ ಅಂಗಿ ಗುಂಡಿ ಹೊಲಿಸ್ಕೋ, ಅಲ್ಲೂ ಪಿನ್ನು ಚುಚ್ಕೊಂಡು ಬಂದ್ರೆ ಬಾಗಿಲಾಚೆನೇ ದೋಸೆ.

ನಿನ್ನ,
ಗಂಟೆ ಮಾಲೀಕ