ಆರ್‌ಎಕ್ಸ್-7 ಮತ್ತೆ ರಸ್ತೆಗಿಳಿಯಿತು, ಕೈಜೋಡಿಸಿದವರಿಗೆಲ್ಲ ನಮಸ್ಕಾರ

ಹೋದ ಗುರುವಾರ ಮಧ್ಯಾಹ್ನ ನಮ್ಮ 1985ರ ಮಾಜ್ದಾ ಆರ್‌ಎಕ್ಸ್-7 ಕ್ಯಾಲಿಫೋರ್ನಿಯಾದ ಸ್ಮಾಗ್ ಟೆಸ್ಟ್, ಅಂದರೆ ಹೊಗೆ ತಪಾಸಣೆ, ಪಾಸಾಯಿತು. ಟೆಸ್ಟ್ ಮಾಡಿದವರು ಕಾಗದ ಕೈಗಿಟ್ಟಾಗ ನನಗೆ ಮಾತೇ ಹೊರಡಲಿಲ್ಲ. ಆರು ವರ್ಷ ಗ್ಯಾರೇಜಿನಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಗಾಡಿ ಅದು. ಅವತ್ತು ಹೇಳಲಾಗದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಗಾಡಿ ಕೊಂಡಾಗ ಮೈಯೆಲ್ಲ ಚೆನ್ನಾಗಿತ್ತು, ಎಂಜಿನ್ ಮಾತ್ರ ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ ಬಿಡುತ್ತಿತ್ತು. ಒಂದು ವರ್ಕ್‌ಶಾಪಿಗೆ ಕೊಟ್ಟೆ. ಹೊಸ ಸೀಲು ಹಾಕಿದ್ದೇವೆ ಅಂದರು, ದುಡ್ಡು ತಗೊಂಡರು. ಎರಡು ತಿಂಗಳಿಗೆ ಅದೇ ಹೊಗೆ. ಬಿಚ್ಚಿ ನೋಡಿದರೆ ನೀರು ತಡೆಯುವ ರಬ್ಬರ್ ಸೀಲುಗಳೆಲ್ಲ ಹಳೆಯವೇ. ಅವತ್ತು ರಾತ್ರಿ ಗಾಡಿಯನ್ನು ಗುಜರಿಗೆ ಹಾಕಿಬಿಡೋಣ ಅಂತ ಹೊರಟವನನ್ನು ತಡೆದವಳು ನನ್ನ ಹೆಂಡತಿ. "ನೀವೇ ಕಟ್ಟಿ, ಅಪ್ಪಾಜಿಯವರನ್ನು ಕೇಳಿಕೊಂಡು ಕಟ್ಟಿ" ಅಂದಳು. ಆರು ವರ್ಷ ತನ್ನ ಕಾರನ್ನು ಬಿಸಿಲಲ್ಲಿ, ಮಳೆಯಲ್ಲಿ ರಸ್ತೆಯಲ್ಲೇ ನಿಲ್ಲಿಸಿದಳು. ಮೊದಲ ನಮಸ್ಕಾರ ಅವಳಿಗೆ.

ಅಪ್ಪಾಜಿ ಹಾಸನದ ಕಡೆಯವರು, ಸರ್ಕಾರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ಡೀಸೆಲ್ ಎಂಜಿನ್ನಿನ ಒಳಗೂ ಹೊರಗೂ ಬಲ್ಲರು, ಈ ಗಾಡಿಯಲ್ಲಿರುವ ರೋಟರಿ ಎಂಜಿನ್ನನ್ನು ಕಣ್ಣಲ್ಲೂ ಕಂಡಿರಲಿಲ್ಲ. ವಿಡಿಯೋ ಕಾಲಿನಲ್ಲಿ ಬಿಚ್ಚಿದ ಎಂಜಿನ್ ತೋರಿಸಿದೆ. "ಪಿಸ್ಟನ್ ಎಲ್ಲೋ?" ಅಂದರು. ಪಿಸ್ಟನ್ನೂ ಇಲ್ಲ, ವಾಲ್ವೂ ಇಲ್ಲ ಅಪ್ಪಾಜಿ, ಮೂರು ಮೂಲೆಯ ರೋಟರ್ ಎರಡಿವೆ, ಒಟ್ಟು 1146 ಸಿಸಿ, ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗುತ್ತೆ, ರೋಟರಿನ ಒಂದೊಂದು ಮೂಲೆಗೂ ಒಂದು ಸೀಲಿದೆ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾದ್ರೆ ಆ ಮೂಲೆ ಸೀಲೇ ಇದರ ಜೀವ ಕಣಪ್ಪ" ಅಂದರು. ಪುಸ್ತಕ ಓದಿ ನನಗೆ ತಿಂಗಳುಗಟ್ಟಲೆ ಹಿಡಿದದ್ದನ್ನು ಅವರು ಐದು ನಿಮಿಷದಲ್ಲಿ ಹಿಡಿದಿದ್ದರು.

ಅಲ್ಲಿಂದ ಪ್ರತಿ ಶನಿವಾರ ನಮ್ಮ ರಾತ್ರಿ, ಅವರ ಭಾನುವಾರದ ಬೆಳಗ್ಗೆ, ಕೆಲಸ. ರೋಟರಿನ ಎರಡು ಪಕ್ಕಕ್ಕೆ ಕೂರುವ ಕಬ್ಬಿಣದ ಪ್ಲೇಟುಗಳು 0.04 ಮಿ.ಮೀ.ಗಿಂತ ಹೆಚ್ಚು ಬಾಗಿರಬಾರದು. ಸ್ಟ್ರೈಟ್ ಎಡ್ಜ್ ಅನ್ನುವ ನೇರ ಪಟ್ಟಿ ಅಡ್ಡ ಇಟ್ಟು ಕೆಳಗೆ ಫೀಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಲೋಹದ ಎಲೆ, ತೂರಿಸಿ ನೋಡಬೇಕು. ಎಲ್ಲ ಸರಿ ಇದೆ ಅಂದೆ. "ಫೋನು ಹತ್ರ ಹಿಡಿ" ಅಂದರು. ಹಿಡಿದೆ. "ಬೆರಳು ಬಿಗಿ ಮಾಡ್ಬೇಡ, ಎಲೆ ಬಾಗ್ತಿದೆ. ಸಡಿಲ ಬಿಟ್ಟು ಎಳಿ." ಸಡಿಲ ಬಿಟ್ಟು ಎಳೆದರೆ ನಡುವಿನ ಪ್ಲೇಟಿನಲ್ಲಿ, ನೀರಿನ ದಾರಿಯ ಪಕ್ಕದಲ್ಲಿ ಗೇಜಿನ ಎಲೆ ಸಲೀಸಾಗಿ ಒಳಗೆ ಹೋಯಿತು. ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರ್ ದೂರದಿಂದ ಅವರು ಕಂಡದ್ದು ನನ್ನ ಕೈಯಲ್ಲೇ ಇದ್ದರೂ ನನಗೆ ಕಂಡಿರಲಿಲ್ಲ. ಆ ಪ್ಲೇಟನ್ನು ಹಾಗೇ ಹಾಕಿದ್ದರೆ ಹೊಸ ಸೀಲಿದ್ದರೂ ನೀರು ಮತ್ತೆ ಒಳಗೆ ಇಳಿಯುತ್ತಿತ್ತು.

ಬದಲಿ ಪ್ಲೇಟು ಕಳಿಸಿದವರು ಒರೆಗಾನ್‌ನ ಒಬ್ಬ ಹಿರಿಯರು. ಅಂಚೆ ಖರ್ಚು ಬಿಟ್ಟು ಬೇರೇನೂ ತಗೊಳ್ಳಲಿಲ್ಲ. ಪಕ್ಕದ ಮನೆಯವರು ನಿವೃತ್ತ ಲೇಥ್ ಕೆಲಸಗಾರರು. ಫ್ಲೈವೀಲಿನ 54 ಮಿ.ಮೀ. ನಟ್ಟು ಬಿಚ್ಚಲು ತಮ್ಮ ಮಾರುದ್ದದ ಸಲಾಕೆ ತಂದು, ನನ್ನ ಜೊತೆ ತಾವೂ ಜೋತುಬಿದ್ದರು. ಎಪ್ಪತ್ತಾರು ವಯಸ್ಸು ಅವರಿಗೆ.

ಹಿರೋಶಿಮಾದ ಮಾಜ್ದಾ ಕಂಪನಿಯವರನ್ನೂ ನೆನೆಯದೆ ಮುಂದೆ ಹೋಗಲಾರೆ. 1960ರ ದಶಕದಲ್ಲಿ ಇದೇ ಮೂಲೆ ಸೀಲು ರೋಟರ್ ತಿರುಗುವ ಹೌಸಿಂಗಿನ (ಹೊರಕವಚದ) ಒಳಮೈಯನ್ನು ಸಾಲುಸಾಲಾಗಿ ಕೆರೆದು ಹಾಕುತ್ತಿತ್ತು. ದೆವ್ವದ ಉಗುರಿನ ಗೀರು ಅಂತ ಅದಕ್ಕೆ ಹೆಸರಿಟ್ಟಿದ್ದರು. ಅಲ್ಲಿನ ಎಂಜಿನಿಯರ್ ಕೆನಿಚಿ ಯಮಮೊಟೊ ಮತ್ತವರ ತಂಡ ಪಟ್ಟುಬಿಡದೆ ಅದನ್ನು ಗೆದ್ದು 1967ರಲ್ಲಿ ಕಾಸ್ಮೊ ಸ್ಪೋರ್ಟ್ ಅನ್ನುವ ರೋಟರಿ ಕಾರು ಹೊರತಂದರು. ನಮ್ಮ ಹೌಸಿಂಗ್ ತೊಳೆದು ಟಾರ್ಚ್ ಬಿಟ್ಟು ನೋಡಿದೆ. ಅಷ್ಟು ವರ್ಷ ಓಡಿದ ಮೇಲೂ ಒಂದು ಗೀರಿಲ್ಲ. ಕೈ ಆಡಿಸಿದರೆ ಗಾಜಿನ ಹಾಗೆ ನುಣುಪು.

ಕಟ್ಟಿದ ಮೇಲೂ ಸ್ಮಾಗ್ ಟೆಸ್ಟ್‌ನಲ್ಲಿ ಒಮ್ಮೆ ಫೇಲಾದೆವು. ಇಲ್ಲಿ ಹಳೆಯ ಪೆಟ್ರೋಲ್ ಕಾರುಗಳಲ್ಲಿ 1975 ಮತ್ತು ಅದಕ್ಕಿಂತ ಹಿಂದಿನವಕ್ಕಷ್ಟೇ ವಿನಾಯಿತಿ. ರೋಟರಿಯಲ್ಲಿ ಪೆಟ್ರೋಲು ಪೂರ್ತಿ ಉರಿಯುವುದಿಲ್ಲ. ಉಳಿದದ್ದನ್ನು ಸುಡಲು ಏರ್ ಪಂಪು ಹೊಗೆ ಹೋಗುವ ದಾರಿಗೆ ಗಾಳಿ ಊದಬೇಕು. ನಮ್ಮದರಲ್ಲಿ ಆ ಗಾಳಿ ತಿರುಗಿಸುವ ವಾಲ್ವು ಅಂಟಿಕೊಂಡಿತ್ತು. ಟೆಸ್ಟ್ ಮಾಡಿದವರೇ ಅಂಗಡಿ ಮುಚ್ಚುವ ಹೊತ್ತಿನಲ್ಲಿ ಅರ್ಧ ಗಂಟೆ ನಿಂತು, ಟಾರ್ಚ್ ಹಿಡಿದು ತೋರಿಸಿಕೊಟ್ಟರು. ಅಡ್ಡದಾರಿ ಹೇಳಲಿಲ್ಲ, ಸರಿದಾರಿ ಹೇಳಿದರು.

ಗುರುವಾರ ಸಂಜೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಕೈಲೈನ್ ಗುಡ್ಡದ ದಾರಿ ಹತ್ತಿದೆ. ಕತ್ತಲಾಗುತ್ತಿದ್ದಂತೆ ಸ್ವಿಚ್ ಒತ್ತಿದರೆ ಎರಡೂ ಹೆಡ್‌ಲೈಟ್ ಬಾನೆಟ್ಟಿನಿಂದ ಒಟ್ಟಿಗೇ ಎದ್ದವು, ಮಗಳು ಚಪ್ಪಾಳೆ ತಟ್ಟಿದಳು. ಎಂಜಿನ್ ನಿಮಿಷಕ್ಕೆ 7000 ಸುತ್ತಿನ ಹತ್ತಿರ ಹೋದಾಗ, ಇನ್ನು ಸಾಕು ಅಂತ ಎಚ್ಚರಿಸುವ ಡ್ಯಾಶ್‌ಬೋರ್ಡಿನ ಬಜರ್ ಕೂಗಿತು. ಅದನ್ನು ರೆಕಾರ್ಡ್ ಮಾಡಿ ಅಪ್ಪಾಜಿಗೆ ಕಳಿಸಿದೆ. "ಇನ್ನೊಂದ್ಸಲ ಕಳ್ಸು, ಅಮ್ಮನಿಗೂ ಕೇಳಿಸ್ಬೇಕು" ಅಂತ ಉತ್ತರ ಬಂತು.

ಏಪ್ರಿಲ್‌ನಲ್ಲಿ ಇಬ್ಬರೂ ಬರುತ್ತಿದ್ದಾರೆ. ಮೊದಲ ವಾರ ಗಾಡಿ ಅಪ್ಪಾಜಿಯದು. ಆಮೇಲೆ ಭಾನುವಾರ ಬೆಳಗ್ಗೆಗಳಲ್ಲಿ, ಇದಕ್ಕೆ ಒಂದು ಬೋಲ್ಟು ಕೊಟ್ಟವರೂ ಬನ್ನಿ, ಒಂದು ಮಾತು ಹೇಳಿದವರೂ ಬನ್ನಿ. ಕಾಫಿ ಕುಡಿದು ಒಂದು ಸುತ್ತು ಹೋಗಿಬರೋಣ.