ಪಾರ್ಟಿ ಬಿಡುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬ್ರಿಟನ್ನಿನ ಲೇಬರ್ ಪಾರ್ಟಿ ಸದಸ್ಯತ್ವ ಬಿಡುತ್ತೇನೆ ಅಂತ ಬರೆದಿದ್ದೀಯ. ಅದು ನಿನ್ನ ಇಷ್ಟ. ಆದರೆ ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತಾ? ಮೊದಲು ಸ್ವಲ್ಪ ಲೆಕ್ಕ ನೋಡು.

ನಿಮ್ಮ ನಾಯಕರು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡುತ್ತಾರೆ ಅಂತ ತಾನೇ ನಿನ್ನ ಸಿಟ್ಟು? ಅವರು ಸುಮ್ನೆ ಹಾಗೆ ಮಾಡುವುದಿಲ್ಲ, ಎದುರು ಪಾರ್ಟಿಯ ಮತದಾರರನ್ನು ಸೆಳೆಯುವುದಕ್ಕೆ ಮಾಡುತ್ತಾರೆ. ಬ್ರಿಟನ್ನಿನಲ್ಲೂ ನಮ್ಮೂರಿನ ಹಾಗೇ, ಕ್ಷೇತ್ರದಲ್ಲಿ ಯಾರಿಗೆ ಜಾಸ್ತಿ ಮತವೋ ಅವರು ಗೆದ್ದರು. ಎದುರಿನ ಬಲಪಂಥದ ಕನ್ಸರ್ವೇಟಿವ್ ಪಾರ್ಟಿಗೆ ಹಾಕುತ್ತಿದ್ದವನು ಲೇಬರ್‌ಗೆ ಹಾಕಿದರೆ ಅಲ್ಲಿ ಒಂದು ಕಮ್ಮಿ, ಇಲ್ಲಿ ಒಂದು ಜಾಸ್ತಿ. ನೀನು ಮುನಿಸಿಕೊಂಡು ಮನೆಯಲ್ಲಿ ಕೂತರೆ ಹೋಗುವುದು ಒಂದೇ ಮತ. 2017ರಲ್ಲಿ ಆಗಿನ ಲೇಬರ್ ನಾಯಕ, ಗಟ್ಟಿ ಎಡಪಂಥದ ಕಾರ್ಬಿನ್ ಶೇ 40 ಮತ ತಂದರು. ಸೀಟು 262, ಸರ್ಕಾರ ಸಿಗಲಿಲ್ಲ. 2024ರಲ್ಲಿ ಅವರ ನಂತರ ನಾಯಕರಾದ, ನಡುದಾರಿಯ ಸ್ಟಾರ್ಮರ್‌ಗೆ ಶೇ 34ರ ಹತ್ತಿರ, ಸೀಟು 411! ಎಲ್ಲಾ ಜಾಣತನ ಅಂತ ತಿಳಿಯಬೇಡ. ಬಲಪಂಥದ ಮತವನ್ನು ರಿಫಾರ್ಮ್ ಪಾರ್ಟಿ ಒಡೆದಿತ್ತು.

ಹಾಗಂತ ನಿನ್ನ ಸಿಟ್ಟು ಸುಳ್ಳೇನಲ್ಲ. ಎಡಪಂಥದವರು ನಮ್ಮನ್ನು ಬಿಟ್ಟು ಇನ್ನೆಲ್ಲಿಗೆ ಹೋಗುತ್ತಾರೆ ಅನ್ನುವ ಧಿಮಾಕು ಆ ಪಾರ್ಟಿಗೆ ಇತ್ತು. ನೀನಿರುವ ಲೆಸ್ಟರ್‌ನಲ್ಲೇ ಏನಾಯಿತು? ಲೆಸ್ಟರ್ ಸೌತ್ ಲೇಬರ್‌ನ ಗಟ್ಟಿ ಸೀಟು ಆಗಿತ್ತು. 2024ರಲ್ಲಿ ಗಾಜಾ ಯುದ್ಧದ ಬಗ್ಗೆ ಲೇಬರ್ ನಿಲುವಿಗೆ ಬೇಸತ್ತ ಜನ ಪಕ್ಷೇತರ ಶೌಕತ್ ಆಡಮ್‌ಗೆ ಹಾಕಿದರು. ಮಂತ್ರಿಯಾಗುತ್ತಾರೆ ಅಂದುಕೊಂಡಿದ್ದ ಲೇಬರ್‌ನ ಜೊನಾಥನ್ ಆಶ್‌ವರ್ತ್ 979 ಮತದಿಂದ ಸೋತರು. ಬ್ರಿಸ್ಟಲ್ ಸೆಂಟ್ರಲ್ ಕ್ಷೇತ್ರ ಎಡಪಂಥದ ಗ್ರೀನ್ ಪಾರ್ಟಿ ಪಾಲಾಯಿತು.

ಇನ್ನೊಂದು ಕೇಳು. ಸರ್ಕಾರದ ಭತ್ಯೆ ಮೊದಲ ಎರಡು ಮಕ್ಕಳಿಗೆ ಮಾತ್ರ ಅನ್ನುವ ನಿಯಮ ತೆಗೆಯಬೇಕು ಅಂತ ಗೆದ್ದ ತಿಂಗಳಲ್ಲೇ ಏಳು ಲೇಬರ್ ಸಂಸದರು ಸರ್ಕಾರದ ವಿರುದ್ಧ ಮತ ಹಾಕಿದರು. ಏಳೂ ಜನ ಸಸ್ಪೆಂಡ್. 2025ರ ನವೆಂಬರ್ ಬಜೆಟ್‌ನಲ್ಲಿ ಅದೇ ಸರ್ಕಾರ ಅದೇ ಮಿತಿ ತೆಗೆಯುತ್ತೇವೆ ಅಂದಿತು. ಒಳಗಿನವರು ಪಟ್ಟು ಬಿಟ್ಟಿದ್ದರೆ ಇದು ಆಗುತ್ತಿತ್ತಾ? ನನಗೆ ಅನುಮಾನ.

ಅದಕ್ಕೇ ಹೇಳುವುದು, ಮನೆಮನೆ ಬಾಗಿಲು ತಟ್ಟುವುದನ್ನು ಈಗಲೇ ನಿಲ್ಲಿಸಬೇಡ. ವಾದ ಮಾಡಬೇಡ, ಕೇಳು. ಹೋದ ಸಲ ಲೇಬರ್‌ಗೆ ಹಾಕಿದವರು ಈಗ ಯಾವ ಕಡೆ ವಾಲಿದ್ದಾರೆ? ರಿಫಾರ್ಮೋ, ಗ್ರೀನೋ, ಇಲ್ಲಾ ಯಾರೂ ಬೇಡ ಅನ್ನುವವರೋ? ಬೀದಿ ಬೀದಿಯದ್ದೂ ಬರೆದಿಟ್ಟುಕೊಂಡು ಪಾರ್ಟಿಯ ವಾರ್ಡ್ ಸಭೆಯಲ್ಲಿ ಓದು. ನಿನ್ನ ಸಿದ್ಧಾಂತದ ಭಾಷಣಕ್ಕೆ ಆಕಳಿಸುವವರೂ ಈ ಲೆಕ್ಕಕ್ಕೆ ಕಿವಿ ನೆಟ್ಟಗೆ ಮಾಡುತ್ತಾರೆ. ಅದನ್ನೂ ಕೇಳದಿದ್ದರೆ ರಾಜೀನಾಮೆ ಬಿಸಾಕಿ ಬಾ, ನಾನೇನೂ ಅನ್ನುವುದಿಲ್ಲ.

ಇತಿ,
ನಿನ್ನ ದೊಡ್ಡಪ್ಪ